ತಪ್ಪಿದ ಪೆಟ್ಟು

ಪೋರ್ಟ್ ಟಾಲ್ಬಟ್‌ನಲ್ಲಿ ಗುರುವಾರವೆಂದರೆ
ನನ್ನ ಪಬ್ಬಿನ ಕಿಟಕಿ ಪಕ್ಕದ ಮೇಜು
ಬೇರೆ ಯಾರಿಗೂ ಕೊಡುವ ಹಾಗಿಲ್ಲ.
ಅಲ್ಲಿ ನ್ಯಾಯ ನಡೆಯುತ್ತದೆ.

ವ್ಯಾಜ್ಯ ಒಂದೇ: ಬ್ಲ್ಯಾಕ್ ಗ್ಯಾಂಟ್ರಿ,
ನಮ್ಮೂರ ಬ್ಯಾಂಡು, ಮುಚ್ಚಿ ನಲವತ್ತೊಂದು ವರ್ಷ.
ನಾಲ್ಕು ರೆಕಾರ್ಡು ಮಾಡಿದರು, ಹಿಟ್ಟಾದದ್ದು ಒಂದು.
ಆ ಹಿಟ್ಟನ್ನೇ ನಾದಿ ನಾದಿ
ಲೋಕ ಇನ್ನೂ ರೊಟ್ಟಿ ತಟ್ಟುತ್ತಿದೆ;
ಮದುವೆಗಳಲ್ಲಿ ಚಿಕ್ಕಮ್ಮಂದಿರು
ಹೈಹೀಲ್ಸ್ ಕಳಚಿಟ್ಟು ಕುಣಿಯುವುದು ಅದಕ್ಕೇ.
ಈ ಮೇಜಿನಲ್ಲಿ ಅದರ ಹೆಸರೆತ್ತಿದವರು
ಎಲ್ಲರಿಗೂ ಬಿಯರು ಕೊಡಿಸಬೇಕು.

ಮೊರ್ವಿದ್ ಬರುತ್ತಾಳೆ,
ಮೀನು ಕರಿದ ಎಣ್ಣೆಯ ಘಮ ಕೋಟಿನಲ್ಲೇ ಹೊತ್ತು.
ಅವಳದು ಎರಡನೇ ರೆಕಾರ್ಡಿನ 'ಸಾಲ್ಟ್ ಮೀಟರ್':
ನೆಗಡಿ ಹಿಡಿದ ಗಂಟಲಲ್ಲಿ ಹಾಡಿದ್ದಾನೆ ಕೇಳಿ,
ಗಂಟಲು ಸರಿ ಇದ್ದಾಗ
ಅವನು ಒಂದು ನಿಜವನ್ನೂ ಹಾಡಲಿಲ್ಲ.
'ಅದು ಹಾಡಲ್ಲ, ಕಷಾಯ,' ಎನ್ನುತ್ತಾನೆ ಎಲ್ವೆಡ್,
ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು,
ಬೆರಳಲ್ಲಿ ಈಗಲೂ ಸೀಮೆಸುಣ್ಣ ಹಿಡಿದ ಭಂಗಿ.

ಆಮೇಲೆ ಎಂದಿನಂತೆ
'ಲಾಸ್ಟ್ ಬಸ್ ಟು ನೀತ್'.
ಮೂರನೇ ರೆಕಾರ್ಡು, ಹಿಂಬದಿ, ನಾಲ್ಕನೇ ಹಾಡು.
ಗಿಟಾರು ದಿಬ್ಬ ಹತ್ತಿ ಏದುಸಿರು ಬಿಡುವಾಗ
ಡ್ರಮ್ಮಿನ ಒಂದು ಪೆಟ್ಟು ಬೀಳುವುದೇ ಇಲ್ಲ.
ಬೀಳಬೇಕಾದ ಜಾಗ ಹಾಗೇ ಖಾಲಿ,
ಹಲ್ಲು ಬಿದ್ದ ಮಗುವಿನ ನಗೆಯಂತೆ.

'ಬಸ್ಸು ತಪ್ಪಿತು ಅಂತ ಅದರ ಅರ್ಥ,'
ಮೂವತ್ತು ವರ್ಷ ಕ್ರೇನಿನ ಮೇಲೆ ಕೂತು
ಕತ್ತು ಬಗ್ಗಿಸಿಯೇ ಮಾತಾಡುವ ಗೆಥಿನ್.
'ಹಾಗೆ ಬಾರಿಸದೆ ಇರೋಕೆ ಎದೆಗಾರಿಕೆ ಬೇಕು.'
'ಎಣಿಸೋಕೆ ಬಾರದಿದ್ದರೂ ಸಾಕು,' ಎಲ್ವೆಡ್.
ಇದೇ ಮಾತು ಕಳೆದ ವಾರ, ಕಳೆದ ವರ್ಷ,
ಗೆಥಿನ್‌ನ ಹೆಂಡತಿಯ ಮಣ್ಣು ಮುಗಿಸಿ ಬಂದ ಸಂಜೆಯೂ
ಇದೇ ಮಾತು. ಅವತ್ತು ಎಲ್ವೆಡ್
ಸ್ವಲ್ಪ ಮೆತ್ತಗೆ ಜಗಳವಾಡಿದ, ಅಷ್ಟೇ.

ಮೂಲೆಯಲ್ಲಿ ಐವರ್.
ಬೆಳಿಗ್ಗೆ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವ,
ಹಳದಿ ಕೋಟು ಬಿಚ್ಚಿರುವುದಿಲ್ಲ,
'ನಿಲ್ಲಿ' ಎಂಬ ಗುಂಡು ಫಲಕ ಗೋಡೆಗೊರಗಿಸಿ
ಅರ್ಧ ಗ್ಲಾಸು ಕುಡಿದು ಎದ್ದುಹೋಗುವವ.
ಆ ಡ್ರಮ್ಮು ಬಾರಿಸಿದವನು ಅವನೇ.
ಗೊತ್ತಿಲ್ಲದವರಿಲ್ಲ. ಕೇಳಿದವರೂ ಇಲ್ಲ.
ಕೇಳಿಬಿಟ್ಟರೆ ಗುರುವಾರಕ್ಕೆ ಏನುಳಿಯುತ್ತದೆ?

ಈ ವಾರ ಮೊರ್ವಿದ್‌ಳ ಮೊಮ್ಮಗಳು ಕೇರಿಯನ್ ಬಂದಿದ್ದಳು.
ಹತ್ತೊಂಬತ್ತು ವಯಸ್ಸು, ಕಿವಿಗೆ ಏಳು ಓಲೆ.
ನೇರ ಮೂಲೆಗೆ ಹೋಗಿ ಕೇಳಿಯೇಬಿಟ್ಟಳು.
ನಾನು ಒರೆಸುತ್ತಿದ್ದ ಗ್ಲಾಸು ಒರೆಸುತ್ತಲೇ ಇದ್ದೆ.

ಐವರ್ ಅಂಗೈ ಬಿಚ್ಚಿ ನೋಡಿಕೊಂಡ.
'ಫರ್ನೇಸಿನಲ್ಲಿ ಸುಟ್ಟುಕೊಂಡಿದ್ದೆ ಆ ಬೆಳಿಗ್ಗೆ.
ಕೋಲು ಜಾರಿತು.
ಇನ್ನೊಮ್ಮೆ ಬಾರಿಸೋಕೆ ಸ್ಟುಡಿಯೋ ಬಾಡಿಗೆಗೆ ದುಡ್ಡಿರಲಿಲ್ಲ.'

ಎಲ್ವೆಡ್ ಗೆದ್ದ ಅಂದುಕೊಂಡೆ.
ಆದರೆ ಅವನ ಮುಖ, ಬಹುಮಾನದ ಪೊಟ್ಟಣ ಬಿಚ್ಚಿದರೆ
ಒಳಗೇನೂ ಇಲ್ಲದವನಂತೆ.
'ಅವನಿಗೇನು ಗೊತ್ತು,' ಎಂದ ಗೆಥಿನ್, ಬಿಯರಿಗೆ.
'ಹೌದು, ಅವನಿಗೇನು ಗೊತ್ತು,' ಎಂದ ಎಲ್ವೆಡ್.
ನನಗೆ ನೆನಪಿರುವ ಮಟ್ಟಿಗೆ
ಇಬ್ಬರೂ ಒಪ್ಪಿದ್ದು ಇದೇ ಮೊದಲು.

ಹಾಡು ನನ್ನ ಜೂಕ್‌ಬಾಕ್ಸಿನಲ್ಲಿಲ್ಲ, ಇರುವುದು ಆ ಹಿಟ್ಟೇ.
ಕೇರಿಯನ್ ಬಾಯಲ್ಲೇ ಗಿಟಾರು ಶುರುಮಾಡಿದಳು.
ಮೊರ್ವಿದ್ ಬೇಸು ಹಿಡಿದಳು, ಗಂಡಸರು ಮೇಜು ಗುದ್ದಿದರು,
ದಿಬ್ಬ ಹತ್ತಿದರು, ಹತ್ತಿದರು,
ಆ ಜಾಗ ಬಂತು,
ಎಲ್ಲರ ಕೈ ಗಾಳಿಯಲ್ಲಿ.
ಎಲ್ವೆಡ್‌ನದೂ.

ಫ್ರಿಜ್ಜು ಗುಂಯ್ ಅನ್ನುವುದು ಕೇಳಿಸಿತು.

ಟಪ್, ಎಂದು
ಮೂಲೆಯಿಂದ ಒಂದು ಪೆಟ್ಟು.
ಫಲಕದ ಕೋಲಿನಿಂದ, ನೆಲಕ್ಕೆ,
ಸರಿಯಾದ ಜಾಗಕ್ಕೆ, ನಲವತ್ತು ಚಿಲ್ಲರೆ ವರ್ಷ ತಡವಾಗಿ.

ನಾಲ್ವರೂ ತಿರುಗಿ ದುರುಗುಟ್ಟಿದರು.
'ತಪ್ಪು!'