ರಬ್ಬರಿಲ್ಲದ ನಾಲ್ಕು ಸ್ಕ್ರೂ

ತಾಂಪೆರೆಯಲ್ಲಿ ರಾತ್ರಿ ಹತ್ತಾದರೆ ಸದ್ದು ಮಾಡಬಾರದು
ಎಂದು ಮೆಟ್ಟಿಲ ಬುಡದಲ್ಲಿ ಚೌಕಟ್ಟು ಹಾಕಿ ತೂಗಿಸಿದ್ದಾರೆ.
ಯಾರೂ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ;
ಇಲ್ಲಿ ಹಿಮ ಕೂಡ ಬೂಟು ಕಳಚಿಟ್ಟೇ ಬೀಳುತ್ತದೆ.

ನನ್ನ ಕೆಲಸ, ಸತ್ತವರ ಮಾತು ತೊಳೆಯುವುದು.
ಹಳ್ಳಿಯ ಮುದುಕಿಯರು ಎಂದೋ ಟೇಪಿನೊಳಕ್ಕೆ ಹೇಳಿಹೋದ
ಮೀನಿಗೆ ಉಪ್ಪು ಹಾಕುವ ಬಗೆ, ಕರಡಿ ಕಂಡ ಬೆಳಗು,
ಯಾರದೋ ಮದುವೆಯ ಜಗಳ.
ಅವರು ಉಸಿರೆಳೆದುಕೊಂಡ ತಾವಿಗೆ ಕತ್ತರಿ ತಾಗದ ಹಾಗೆ
ಕಿವಿಗೊಟ್ಟು ಕೂತರೆ
ನಾನೇ ಜೋಡಿಸಿದ ಯಂತ್ರ ನಡುವೆ ಬಾಯಿ ಹಾಕಿ
ಗುಂಯ್ ಅನ್ನುತ್ತಿತ್ತು,
ಯಾರ ಮಾತಿಗೂ ಹೂಂಗುಟ್ಟುವ ನೆಂಟನಂತೆ.

ಬಿಚ್ಚಿದೆ.
ಸ್ಕ್ರೂಡ್ರೈವರಿನ ತುದಿ ತಗಡಿಗೆ, ಹಿಡಿ ಕಿವಿಯ ಹಿಂದಿನ ಮೂಳೆಗೆ,
ಡಾಕ್ಟರಂತೆ ಅಲ್ಲಲ್ಲಿ ಊರಿ ಕೇಳಿದೆ.
ನಡುಗುವವನೊಬ್ಬ, ಹಾಡುವವನೊಬ್ಬ:
ಫ್ಯಾನು ಬರೀ ನಡುಗುತ್ತದೆ, ದನಿ ಕೊಡುವುದು ತೆಳ್ಳನೆ ತಗಡು.
ತಗಡಿನಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ
ಚಾಡಿಮಾತು ಓಣಿ ದಾಟಿದ ಹಾಗೆ.

ಡಿಸ್ಕು ಎರಡು. ಒಂದೇ ಕಂಪನಿ, ಒಂದೇ ವೇಗ
ಅನ್ನುತ್ತದೆ ಮೇಲಂಟಿಸಿದ ಚೀಟಿ. ಚೀಟಿ ಸುಳ್ಳು.
ಕೂದಲೆಳೆಯಷ್ಟು ಹೆಚ್ಚುಕಡಿಮೆ ತಿರುಗಿ
ಕೂಡಿದಾಗ ಉಬ್ಬಿ, ಅಗಲಿದಾಗ ತಗ್ಗಿ
ಗೋಡೆಗೇ ಉಸಿರಾಟ ಕಲಿಸಿದ್ದವು.
ಹೊಲಿಗೆ ಸಾಮಾನಿನ ಅಂಗಡಿಗೆ ಹೋಗಿ
ಎರಡು ಮೀಟರು ಇಲಾಸ್ಟಿಕ್ಕು ಕೇಳಿದೆ.
"ಮಗುವಿನ ಚಡ್ಡಿಗಾ?" ಎಂದಳು. ಹೌದೆಂದೆ.
ಎಲ್ಲಿಯೂ ತಗಡು ಸೋಕದಂತೆ ತೊಟ್ಟಿಲು ಕಟ್ಟಿ
ಅವೆರಡನ್ನೂ ಮಲಗಿಸಿದೆ.

ಕಾರಿನ ಬಾಗಿಲಿಗೆ ಹಚ್ಚುವ ಡಾಂಬರು ಹಾಳೆ ಒಳಮೈಗೆ.
ಫ್ಯಾನಿನ ನಾಲ್ಕು ಸ್ಕ್ರೂ ಕಿತ್ತು ರಬ್ಬರು ಗೂಟ.
ಅದಕ್ಕೂ ಜಪ್ಪಯ್ಯ ಅನ್ನಲಿಲ್ಲ.
ಬೇರಿಂಗು ಸವೆದ ಆ ಹಳಬನನ್ನೇ ಇಳಿಸಿ
ದೊಡ್ಡದೊಂದು, ಸೋಮಾರಿ ಸುತ್ತಿನದು, ತಂದೆ.
ಅಪ್ಪನ ಉಣ್ಣೆಬೂಟು ಕತ್ತರಿಸಿ ಡಬ್ಬಿಯ ಕಾಲಿಗೆ ಮೆಟ್ಟು ಮಾಡಿದೆ.
ಅಪ್ಪ ಇದ್ದಿದ್ದರೆ ಬೈಯುತ್ತಿದ್ದ.

ಗುಂಡಿ ಒತ್ತಿದೆ. ಹೊತ್ತಿಕೊಂಡಿತೋ ಇಲ್ಲವೋ
ಮೈಮುಟ್ಟಿ ಬಿಸಿ ನೋಡಬೇಕಾಯಿತು.
ಆ ರಾತ್ರಿ, ಅರವತ್ನಾಲ್ಕರ ಟೇಪಿನಲ್ಲಿ ಮುದುಕಿಯೊಬ್ಬಳು
ಹೆಸರೊಂದು ನೆನಪಾಗದೆ ತಡೆದಾಗ
ಅವಳ ಅಡುಗೆಮನೆಯ ಗಡಿಯಾರ ಕೇಳಿಸಿತು.

ಮೂರನೆಯ ರಾತ್ರಿ, ಒಂದೂಕಾಲು. ಬಾಗಿಲು.
ಕೆಳಮನೆಯ ಹಿಲ್ಕಾ, ಕೋಟಿನ ಕೆಳಗೆ ಇಣುಕುವ ರಾತ್ರಿಯಂಗಿ.
ಏಳು ವರ್ಷದಲ್ಲಿ ನಮ್ಮ ಮಾತೆಲ್ಲ ಲಿಫ್ಟಿನೊಳಗೇ ಮುಗಿದಿದ್ದು.
"ಏನು ನಿಂತಿತು?" ಎಂದಳು.

ಹತ್ತಿಗಿರಣಿಯಲ್ಲಿ ಮೂವತ್ತೊಂದು ವರ್ಷ.
ಮಗ್ಗಗಳ ನಡುವೆ ತುಟಿ ನೋಡಿ ಮಾತು ತಿಳಿದವಳು.
ಆ ಕಟ್ಟಡದಲ್ಲಿ ಈಗ ಕಾಫಿ ಮಾರುತ್ತಾರೆ.
"ನನ್ನ ಛಾವಣಿಯಲ್ಲಿ ಏನೋ ಇತ್ತು, ಸಣ್ಣದು,
ದೂರದಲ್ಲಿ ಮೂರನೇ ಪಾಳಿ ನಡೆದ ಹಾಗೆ.
ಅದಿದ್ದರೆ ನಿದ್ದೆ. ಈಗ ಮೂರು ದಿನದಿಂದ
ನನ್ನ ಎದೆಬಡಿತ ನನಗೇ ಕೇಳುತ್ತದೆ.
ಅದು ಅಷ್ಟು ಹತ್ತಿರದಿಂದ ಕೇಳುವಂಥದ್ದಲ್ಲ."

ಏನನ್ನಬೇಕೋ ತೋಚಲಿಲ್ಲ. ಹೂಂಗುಟ್ಟಿದೆ.

ಶನಿವಾರ ಒಂದು ಹಲಗೆ, ಹಳೆ ಮೋಡೆಮ್ಮಿನ ಅಡಾಪ್ಟರು,
ಕಸಕ್ಕೆ ಹಾಕದೆ ಉಳಿಸಿದ್ದ ಹಳಬನನ್ನು ಹಿಡಿದು ಕೆಳಗಿಳಿದೆ.
ಅವಳ ಮಂಚದ ತಲೆಬದಿಗೆ ಬಿಗಿದೆ,
ನಾಲ್ಕೂ ಸ್ಕ್ರೂ, ಕಬ್ಬಿಣ, ರಬ್ಬರಿಲ್ಲದೆ.
ಹಲಗೆಗೆ ಕಿವಿಯಿಟ್ಟು "ಇನ್ನರ್ಧ ಸುತ್ತು" ಎಂದಳು.
ತಿರುಗಿಸಿದೆ.
"ಹಾಂ."

ಈಗ ಕೆಲಸಕ್ಕೆ ಕೂರುವ ಮುನ್ನ
ಬಿಸಿನೀರ ಕೊಳವೆಗೆ ಸ್ಕ್ರೂಡ್ರೈವರು ಆನಿಸಿ ಕೇಳುತ್ತೇನೆ.
ಬರುತ್ತಿರುತ್ತದೆ ಕೆಳಗಿನಿಂದ, ಆ ಸವೆದ ಬೇರಿಂಗಿನದೇ ಕೊಂಕು.
ಹೆಡ್‌ಫೋನು ಏರಿಸಿಕೊಳ್ಳುತ್ತೇನೆ.
ಮುದುಕಿಗೆ ಆ ಹೆಸರು ಇನ್ನೂ ನೆನಪಾಗಿಲ್ಲ.