ಕಾಲಿಗೆ ಬುದ್ಧಿ

ಮೂವತ್ತೊಂದು ವರ್ಷ ವಾಲ್ಪರೈಸೊದ ಗುಡ್ಡಗಳಲ್ಲಿ
ಅಂಚೆಚೀಲ ಹೊತ್ತು ಮೆಟ್ಟಿಲು ತುಳಿದವನು ನಾನು.
ಮರಿಪೋಸಾಸ್ ಗುಡ್ಡದ ನಾಯಿಗಳು ಅಟ್ಟಿಸಿಕೊಂಡು ಬಂದರೆ
ಕಾಲಿಗೆ ಬುದ್ಧಿ ಹೇಳುತ್ತಿದ್ದೆ.
ಹೇಳುವ ಮೊದಲೇ ಅದಕ್ಕೆ ತಿಳಿದಿರುತ್ತಿತ್ತು.

ಈಗ ಕಾಲಿಗೆ ಏನು ಹೇಳಿದರೂ
ಮುಚ್ಚಿದ ಬಾಗಿಲ ಕೆಳಗೆ ತೂರಿಸಿದ ಕಾಗದ.
ಒಳಗೆ ಯಾರಾದರೂ ಎತ್ತಿಕೊಂಡರೋ, ಇಲ್ಲವೋ.
ಅಲ್ಲಿಂದ ಉತ್ತರವಂತೂ ಬರುವುದಿಲ್ಲ.
ಸಕ್ಕರೆ, ಅಂದರು ಆಸ್ಪತ್ರೆಯಲ್ಲಿ.
ಚಹಾಕ್ಕೂ ಹಾಕಿಕೊಳ್ಳದವನು ನಾನು, ಅಂದೆ.
ಯಾರೂ ನಗಲಿಲ್ಲ.

ಹೋದ ಜುಲೈ, ಕೊರೆವ ಚಳಿ.
ಮೀನಿನ ಅಂಗಡಿಗೆ ಹೋಗಿ, ಬ್ಯಾಂಕಿನ ಸಾಲಿನಲ್ಲಿ ನಿಂತು,
ಕಟಕಟ ಎನ್ನುವ ಹಳಿಬಂಡಿಯಲ್ಲಿ ಮೇಲೆ ಬಂದು
ರಾತ್ರಿ ಬೂಟು ಬಿಚ್ಚಿದರೆ ಒಳಗೆ
ಮೊಮ್ಮಗನ ಅಂಗಿಯ ಹಸಿರು ಗುಂಡಿ.
ದಿನವಿಡೀ ಅದರ ಮೇಲೆ ನಡೆದಿದ್ದೆ.
ಅಂಗಾಲಿನಲ್ಲಿ ನಾಲ್ಕು ತೂತಿನ ಅಚ್ಚು,
ಕಾಲುಚೀಲಕ್ಕೆ ಅಂಟಿದ ರಕ್ತ,
ನೋವು ಮಾತ್ರ ಎಲ್ಲೂ ಇಲ್ಲ.
ಎದೆಲ್ಮಿರಾ ಕುರ್ಚಿಯ ಮೇಲೆ ಕುಸಿದು ಕೂತಳು.
ಕೆಳಗಿನ ಮನೆಯ ಎವುಲೋಹಿಯೊ ನೆನಪಾಗಿರಬೇಕು.
ಅವನ ಬಲಗಾಲಲ್ಲಿ ಈಗ ಎರಡೇ ಬೆರಳು.
"ಉಗುರು ಕತ್ತರಿಸುವ ಕೆಲಸ ಉಳಿಯಿತು" ಅನ್ನುತ್ತಾನೆ
ಎಲ್ಲರ ಮುಂದೆ, ಪ್ರತಿ ಸಲ.

ಹನ್ನೊಂದು ವಾರ ಹಿಡಿಯಿತು ಆ ನಾಲ್ಕು ಚುಕ್ಕೆ ಮಾಯಲು.
ನರ್ಸ್ ಯಾಸ್ನಾ, ನನ್ನ ಮಗಳಿಗಿಂತ ಚಿಕ್ಕವಳು,
ಬೈದು ಬೈದು ಕಲಿಸಿದಳು:
ನೀರು ಉಗುರುಬೆಚ್ಚಗಿರಲಿ.
ನನ್ನ ಉಗುರಿಗೆ ಬೆಚ್ಚಗೆ ಯಾವುದು, ಕುದಿ ಯಾವುದು, ಗೊತ್ತೇನಮ್ಮ?
ಹಾಗಾಗಿ ಬೋಗುಣಿಗೆ ಮೊಣಕೈ ಅದ್ದುವವಳು ಎದೆಲ್ಮಿರಾ,
ಹಿಂದೆ ಕೂಸಿನ ಸ್ನಾನಕ್ಕೆ ಅದ್ದಿದ ಹಾಗೆ.
ಬಹಳ ಹೊತ್ತು ಇಡಬಾರದು,
ನೆನೆಹಾಕಲು ಪಾದವೇನು ಕಡಲೆಯೇ?
ಹತ್ತು ಬೆರಳಿಗೆ ಎಂಟು ಸಂದು.
ಎಂಟು ಓಣಿಗಳನ್ನೂ ಒರೆಸಬೇಕು, ತೇವ ಉಳಿಯದಂತೆ.
ಇದು ನನಗೆ ಹೇಳಿಸಿಕೊಳ್ಳಬೇಕಾದ್ದಲ್ಲ;
ಒಂದು ಓಣಿಯನ್ನೂ ಬಿಟ್ಟು ಬಂದವನಲ್ಲ ನಾನು,
ಮಳೆಯಲ್ಲೂ, ಭೂಕಂಪದ ಮರುದಿನವೂ.
ಮುಲಾಮು ಹಿಮ್ಮಡಿಗೆ, ಓಣಿಗಳಿಗಲ್ಲ.
ಉಗುರು ನೇರಕ್ಕೆ, ಮೂಲೆ ಕೊರೆಯದೆ.

ಆಮೇಲೆ ಕನ್ನಡಿ.
ಎದೆಲ್ಮಿರಾ ತುಟಿಗೆ ಬಣ್ಣ ಹಚ್ಚುವ ಕೈಗನ್ನಡಿಯೇ
ಈಗ ನೆಲದ ಮೇಲೆ ಅಂಗಾತ.
ಎಪ್ಪತ್ತೆರಡು ವರ್ಷ ನನ್ನನ್ನು ಹೊತ್ತವರ ಮುಖ
ನಾನು ನೋಡಿಯೇ ಇರಲಿಲ್ಲ.
ಒಣಗಿದ ಹಳ್ಳದ ತಳದಂತಿತ್ತು.
ನಾಚಿಕೆಯಾಯಿತು, ಸುಳ್ಳೇಕೆ.

ನನ್ನ ಕಣ್ಣು ಮಂಜು. ಅವಳು ಓದುತ್ತಾಳೆ.
ಬಾರೋನ್ ಗುಡ್ಡದ ವಿಧವೆಯರಿಗೆ ಹೊಸ್ತಿಲಲ್ಲೇ ನಿಂತು
ಮಕ್ಕಳ ಕಾಗದ ಓದಿ ಹೇಳುತ್ತಿದ್ದವನು
ಈಗ ಕಾಲು ಚಾಚಿ ಕೇಳಿಸಿಕೊಳ್ಳುತ್ತೇನೆ:
"ಎಡಗಾಲು, ವಿಶೇಷವೇನಿಲ್ಲ.
ಬಲಗಾಲು, ಹಿಮ್ಮಡಿಯಲ್ಲಿ ಒಂದು ಬಿರುಕು, ನಿನ್ನೆಯದೇ.
ಕಿರುಬೆರಳ ಪಕ್ಕ ಕೆಂಪು... ಅಲ್ಲ, ಕಾಲುಚೀಲದ ನೂಲು."
ಉಭಯ ಕುಶಲೋಪರಿ.
ದೀಪ ಆರಿಸುತ್ತಾಳೆ.
ಕೆಲವು ರಾತ್ರಿ ಅವಳ ಪಾದವನ್ನೂ ನಾನು ಒರೆಸುತ್ತೇನೆ,
ಅವಳಿಗೆ ಕಚಗುಳಿ.
ನನಗದು ಹೊಟ್ಟೆಕಿಚ್ಚು.

ಬೆಳಿಗ್ಗೆ ಬಂದರಿನಿಂದ ಗಾಳಿ ಏಳುವ ಹೊತ್ತಿಗೆ
ಬೂಟುಗಳನ್ನು ಬೋರಲು ಹಿಡಿದು
ಎರಡು ಸಲ ತಟ್ಟುತ್ತೇನೆ,
ಯಾರದೋ ಬಾಗಿಲು ತಟ್ಟಿದ ಹಾಗೆ.
ಕೈ ಹಾಕಿ ತಡಕುತ್ತೇನೆ ತುದಿಯವರೆಗೆ.
ಒಳಗೆ ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ
ಕಾಲಿಡುತ್ತೇನೆ.