ಹದಿನೇಳು ಓ

ತೋರ್ಸ್‌ಹಾವ್ನ್, ರಾತ್ರಿ ಎರಡೂ ಮುಕ್ಕಾಲು.
ಬಿರಿತಾ ಕಾಲುಚೀಲದಲ್ಲೇ ಕೂತು
ನಾಲ್ಕು ಸಾಲಿನ ಸ್ಕ್ರಿಪ್ಟು ಓಡಬಿಟ್ಟಿದ್ದಾಳೆ:
ಪಟ್ಟಿಯ ಹದಿನೆಂಟು ಹೆಸರನ್ನೂ ಕೂಗು,
ಬಾಗಿಲು ತೆರೆದರೆ ಕ್ಷೇಮ ಕೇಳು,
ತೆರೆಯದಿದ್ದರೆ ಐದು ಸೆಕೆಂಡು ಕಾದು
ಮುಂದಿನ ಮನೆಗೆ ನಡೆ.

ಕಪ್ಪು ತೆರೆಯ ಮೇಲೆ ದ್ವೀಪಗಳು
ನಿದ್ದೆಗಣ್ಣಲ್ಲೇ ಓಗೊಡುತ್ತವೆ.
ಸಾಲ್ಮನ್ ಬಲೆಯ ನೀರು ಆರು ಡಿಗ್ರಿ,
ಸುರಂಗದ ಫ್ಯಾನು ತಿರುಗುತ್ತಿದೆ,
ದೀಪಸ್ತಂಭದ ಯಂತ್ರ ಮಲಗದೆ ನಾನೂರು ದಿನ.
ಓ. ಓ. ಓ.

ಮಿಚಿನೆಸ್ ಮಾತ್ರ ಮೌನ.

ಸ್ಕ್ರಿಪ್ಟಿಗೆ ಸಿಟ್ಟಿಲ್ಲ, ಗಾಬರಿಯೂ ಇಲ್ಲ;
ಮೂರು ಸಲ ಕದ ತಟ್ಟಿ
ಕೆಂಪಕ್ಷರದ ಒಂದು ಗೆರೆ ಎಳೆದು
ಕೈ ತೊಳೆದುಕೊಂಡಿತು.
ಗಾಬರಿ ಬಿರಿತಾಳ ಪಾಲಿನದು. ಗಾಳಿಯೇ? ಕೇಬಲ್ಲೇ?
ನಿನ್ನೆ ತಾನೇ ಬದಲಿಸಿದ ಕೀಲಿಯೇ?

ಕೊನೆಗೆ ಫೋನು.
ಬಹಳ ಹೊತ್ತಿಗೆ ನಿಕ್ಲಾಯ್ ಎತ್ತಿದ.
ಸರ್ವರ್ ಇಟ್ಟ ಕೊಟ್ಟಿಗೆ ಅವನದೇ.

"ಹೂಂ, ಕಿತ್ತದ್ದು ನಾನೇ.
ಮರಿಯೊಂದು ಆತುರಗೆಟ್ಟು
ಮಾರ್ಚಿನಲ್ಲೇ ಹುಟ್ಟಿಬಿಟ್ಟಿದೆ ತಾಯಿ.
ಕಾಯಿಸುವ ದೀಪಕ್ಕೆ ಪ್ಲಗ್ಗು ಬೇಡವೇ?
ಇಲ್ಲಿರುವುದೋ ಒಂದೇ."

ಬೈಯಲು ಅವಳು ಬಾಯಿ ತೆರೆದಳು.
ಅಷ್ಟರಲ್ಲಿ ಆ ಕಡೆಯಿಂದ
ಬಡಕಲು ದನಿಯೊಂದು: ಮ್ಯಾ.

ಪಟ್ಟಿ ತೆರೆದಳು.
ಮಿಚಿನೆಸ್ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು,
ಅದರ ಪಕ್ಕದಲ್ಲಿ, ಯಂತ್ರ ಓದದ ಟಿಪ್ಪಣಿ:
ಬೆಳಕು ಹರಿಯುವ ತನಕ ಎಬ್ಬಿಸಬೇಡ.
ಮೇಲಿನವರು ಕೇಳಿದರೆ ಏನನ್ನುವುದೆಂದು
ಒಂದು ಕ್ಷಣ ಯೋಚಿಸಿ, ಉಳಿಸಿ, ಮತ್ತೆ ಓಡಿಸಿದಳು.

ಹದಿನೇಳು ಓ.
ದೋಷ: ಸೊನ್ನೆ.